ನಾವಿಕ ನಕ್ಷತ್ರದ ಹಚ್ಚೆ

ನಾವಿಕ ನಕ್ಷತ್ರವೆಂದರೆ ಐದು ಮೊನೆಯ ನಕ್ಷತ್ರ. ಅದರ ನಡುಬಿಂದುವಿನಿಂದ ಪ್ರತಿ ಮೊನೆಗೂ ಪ್ರತಿ ಒಳಮೂಲೆಗೂ ಗೆರೆ ಎಳೆದರೆ ಹತ್ತು ತ್ರಿಕೋನಗಳಾಗುತ್ತವೆ. ಒಂದು ಬಿಟ್ಟು ಒಂದಕ್ಕೆ ಕಪ್ಪು ತುಂಬಿ, ಉಳಿದವನ್ನು ಖಾಲಿ ಬಿಡುತ್ತಾರೆ, ಇಲ್ಲವೇ ಕೆಂಪು, ನೀಲಿ, ಹಸಿರು ಹಾಕುತ್ತಾರೆ. ನೆರಳು ಬೆಳಕು ಹೀಗೆ ಪಕ್ಕಪಕ್ಕ ಕೂತಾಗ ಚಪ್ಪಟೆ ಚಿತ್ರ ಕೆತ್ತಿದ ಕಲ್ಲಿನಂತೆ ಉಬ್ಬಿ ಕಾಣುತ್ತದೆ. ನಕ್ಷತ್ರ ತನ್ನದೇ ಬೆಳಕಿನಲ್ಲಿ ನಿಂತಿದೆ ಎನಿಸುವುದು ಇದರಿಂದಲೇ. ಐರೋಪ್ಯ ನಾವಿಕರ ಭೂಪಟಗಳಲ್ಲಿ ದಿಕ್ಕು ತೋರಿಸುತ್ತಿದ್ದ ದಿಕ್ಸೂಚಿಯ ಚಿತ್ರಕ್ಕೂ ಇದಕ್ಕೂ ನೇರ ನೆಂಟು. ಧ್ರುವತಾರೆ, ಸರಿಯಾದ ದಿಕ್ಕು, ಮನೆಗೆ ಮರಳುವ ಹಾರೈಕೆ ಇವು ಇದರ ಮೂಲ ಅರ್ಥಗಳು.

ಈ ಹಚ್ಚೆ ಈಗ ಹೇರೋಹಳ್ಳಿಯ ಕಡೆಗೂ ಬಂದಿದೆ. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಸುಪಾಸಿನಲ್ಲಿರುವ ಈ ಊರಿನಿಂದ ಕಡಲು ನೂರಾರು ಕಿಲೋಮೀಟರ್ ದೂರ. ಕೆರೆಯೊಂದನ್ನು ಇಟ್ಟುಕೊಂಡ ರಾಗಿ ಸೀಮೆಯ ಹಳ್ಳಿಯಾಗಿತ್ತು ಇದು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 2010ರ ಚುನಾವಣೆಯ ವೇಳೆಗೆ 72ನೇ ವಾರ್ಡ್ ಆಗಿತ್ತು. ನಾವಿಕರ ಗುರುತಿಗೂ ಈ ಊರಿಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಮೊದಲ ಉತ್ತರ ಆಕಾಶದಲ್ಲೇ ಇದೆ. ಯಾವ ಊರಿನಲ್ಲಿ ನಿಂತರೂ ಧ್ರುವತಾರೆ ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ ಸರಿಸುಮಾರು ಅದೇ ಆ ಊರಿನ ಅಕ್ಷಾಂಶ. ಹೇರೋಹಳ್ಳಿಯಲ್ಲಿ ಅದು ಹೆಚ್ಚುಕಡಿಮೆ 13 ಡಿಗ್ರಿ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ ಆಗುವುದರಿಂದ, ಉತ್ತರ ದಿಗಂತದ ಮೇಲೆ ಒಂದು ಮುಷ್ಟಿಗಿಂತ ತುಸು ಮೇಲೆ ಧ್ರುವ ಇರುತ್ತಾನೆ. ಮಂಗಳೂರಿನಲ್ಲೂ ಅವನು ಬಹುತೇಕ ಅಷ್ಟೇ ಎತ್ತರ. ಅರಬ್ಬಿ ಸಮುದ್ರದ ಆಚೆ ದಡದ ಏಡನ್ ಬಂದರಿನಲ್ಲೂ ಬಹುತೇಕ ಅಷ್ಟೇ.

ಕಡಲ ದಾರಿಯ ನಕ್ಷತ್ರ

ಏಡನ್ ಮತ್ತು ಮಂಗಳೂರು ಒಂದೇ ಅಕ್ಷಾಂಶದ ಹತ್ತಿರ ಇರುವುದು ಭೂಗೋಳದ ಆಕಸ್ಮಿಕ. ಹಳೆಯ ಕಡಲ ವ್ಯಾಪಾರಕ್ಕೆ ಈ ಆಕಸ್ಮಿಕದ ಅನುಕೂಲ ದೊಡ್ಡದು. ಧ್ರುವನ ಎತ್ತರ ಕುಗ್ಗದಂತೆ, ಹಿಗ್ಗದಂತೆ ನೋಡಿಕೊಂಡು ಪೂರ್ವಕ್ಕೆ ಸಾಗಿದ ಹಡಗು ಕರಾವಳಿಯನ್ನು ಮಂಗಳೂರಿನ ಬಳಿಯೇ ಮುಟ್ಟಬೇಕು. ಅರಬ್ ನಾವಿಕರು ಈ ಎತ್ತರವನ್ನು ಅಳೆಯಲು ಕಮಾಲ್ ಎಂಬ ಸಣ್ಣ ಮರದ ಹಲಗೆಯನ್ನು ಬಳಸುತ್ತಿದ್ದರು. ಹಲಗೆಗೆ ಗಂಟು ಹಾಕಿದ ದಾರ ಕಟ್ಟಿರುತ್ತಿತ್ತು. ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಮುಂದಕ್ಕೆ ಚಾಚಿ, ಕೆಳಗಿನ ಅಂಚು ದಿಗಂತಕ್ಕೂ ಮೇಲಿನ ಅಂಚು ನಕ್ಷತ್ರಕ್ಕೂ ತಾಗುವಂತೆ ಹಿಡಿದರೆ ಅಳತೆ ಸಿಗುತ್ತಿತ್ತು. ಆ ಕಾಲದಲ್ಲಿ ಧ್ರುವತಾರೆ ಈಗಿನಷ್ಟು ಧ್ರುವಬಿಂದುವಿನ ಸಮೀಪದಲ್ಲಿರಲಿಲ್ಲ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಒಂದು ಸುತ್ತು ತೂಗುವುದರಿಂದ ಅದು ಹಲವು ಡಿಗ್ರಿ ಸರಿದು ನಿಂತಿತ್ತು, ಇರುಳಿಡೀ ಸಣ್ಣ ವೃತ್ತದಲ್ಲಿ ತಿರುಗುತ್ತಿತ್ತು. ಅನುಭವಿ ನಾವಿಕರು ಅದನ್ನು ತಿದ್ದಿಕೊಂಡೇ ಲೆಕ್ಕ ಹಾಕುತ್ತಿದ್ದರು. ಹದಿನೈದನೆಯ ಶತಮಾನದ ಕೊನೆಯಲ್ಲಿ ಅಹ್ಮದ್ ಇಬ್ನ್ ಮಾಜಿದ್ ಬರೆದ ನೌಕಾಶಾಸ್ತ್ರದ ಗ್ರಂಥದಲ್ಲಿ ಈ ವಿದ್ಯೆಯ ವಿವರಗಳಿವೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ಏಡನ್ನಿನೊಡನೆ ವ್ಯಾಪಾರ ಮಾಡಿದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋ ನಗರದ ಗೆನೀಜಾ ಎಂಬ ಹಳೆಯ ಕಾಗದಗಳ ಸಂಗ್ರಹದಲ್ಲಿ ಉಳಿದು ಬಂದಿವೆ. ಅವನ ಸರಕು ಹೊತ್ತ ಹಡಗುಗಳಿಗೂ, ವಿಜಯನಗರಕ್ಕೆ ಕುದುರೆ ತಂದು ಭಟ್ಕಳದಲ್ಲಿ ಇಳಿಸಿದ ಹಡಗುಗಳಿಗೂ ಇರುಳಿನ ಮಾರ್ಗದರ್ಶಿ ಆಕಾಶವೇ.

ಈ ನಕ್ಷತ್ರವನ್ನು ಮೈಮೇಲೆ ಬರೆಸಿಕೊಂಡವರು ಮಾತ್ರ ಪಶ್ಚಿಮದ ನಾವಿಕರು. ಯುರೋಪಿನಲ್ಲಿ ಹಚ್ಚೆ ಮೊದಲೂ ಇತ್ತು, ಜೆರುಸಲೇಮಿಗೆ ಹೋದ ಯಾತ್ರಿಕರು ಶಿಲುಬೆಯ ಗುರುತು ಹಾಕಿಸಿಕೊಂಡು ಬರುತ್ತಿದ್ದರು. 1769ರಲ್ಲಿ ಜೇಮ್ಸ್ ಕುಕ್‌ನ ಹಡಗು ತಾಹಿತಿ ತಲುಪಿ, ಪಾಲಿನೇಷ್ಯದ ಸಮೃದ್ಧ ಹಚ್ಚೆ ಪರಂಪರೆಯನ್ನು ಕಂಡ ಮೇಲೆ ನಾವಿಕರಲ್ಲಿ ಅದರ ಒಲವು ಹೆಚ್ಚಾಯಿತು. ತಾಹಿತಿ ಇರುವುದು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ, ಅಲ್ಲಿಂದ ಧ್ರುವತಾರೆ ಕಾಣುವುದೇ ಇಲ್ಲ. ದಕ್ಷಿಣದ ದ್ವೀಪಗಳಲ್ಲಿ ಬೆರಗಾಗಿ ಕಂಡ ಕಲೆಯನ್ನು ಮನೆಗೊಯ್ದ ನಾವಿಕರು ಅದರಲ್ಲಿ ತಮ್ಮ ಉತ್ತರದ ಆಕಾಶವನ್ನು ಬರೆಸಿಕೊಂಡರು ಎಂಬುದು ಈ ಚಿಹ್ನೆಯ ಚರಿತ್ರೆಯಲ್ಲೇ ಮನಮುಟ್ಟುವ ಸಂಗತಿ. ಕಾಣದ ಕಡೆ ಹೋದಾಗಲೂ ಜೊತೆಗಿರಲಿ ಎಂದೇ ತಾನೆ ಗುರುತನ್ನು ಚರ್ಮಕ್ಕೆ ಇಳಿಸುವುದು.

ನಾವಿಕರ ಹಚ್ಚೆಗಳಲ್ಲಿ ನಕ್ಷತ್ರ ಒಂಟಿಯಲ್ಲ. ಐದು ಸಾವಿರ ನಾಟಿಕಲ್ ಮೈಲಿ ಸಾಗಿದವನಿಗೆ ಕವಲುತೋಕೆ ಹಕ್ಕಿ, ಅಟ್ಲಾಂಟಿಕ್ ದಾಟಿದವನಿಗೆ ಲಂಗರು, ಕೇಪ್ ಹಾರ್ನ್ ಸುತ್ತಿಬಂದವನಿಗೆ ಹಾಯಿ ಬಿಚ್ಚಿದ ಹಡಗು ಎಂದು ಲೆಕ್ಕವಿತ್ತು. ಮುಳುಗದಿರಲಿ ಎಂದು ಪಾದದ ಮೇಲೆ ಹಂದಿ ಮತ್ತು ಹುಂಜ ಹಾಕಿಸಿಕೊಳ್ಳುತ್ತಿದ್ದರು. ನಕ್ಷತ್ರ ಮುಂಗೈ, ತೋಳು, ಎದೆಯ ಎರಡು ಪಕ್ಕಗಳಲ್ಲಿ ಬರುತ್ತಿತ್ತು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ'ರೈಲಿ 1891ರಲ್ಲಿ ವಿದ್ಯುತ್ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ನೇರ ಗೆರೆ, ಚೂಪು ಮೊನೆಗಳ ಇಂಥ ವಿನ್ಯಾಸ ಸುಲಭವಾಯಿತು. ಹೊನೊಲುಲುವಿನ ಹೋಟೆಲ್ ಸ್ಟ್ರೀಟಿನಲ್ಲಿ ಸೇಲರ್ ಜೆರ್ರಿ ಎಂದೇ ಹೆಸರಾದ ನಾರ್ಮನ್ ಕಾಲಿನ್ಸ್ (1911–1973) ಎರಡನೆಯ ಮಹಾಯುದ್ಧದ ಕಾಲದ ಸೈನಿಕರಿಗೆ ಹಾಕಿದ ಹಚ್ಚೆಗಳು ಆ ಶೈಲಿಗೆ ಮಾದರಿಯಾದವು.

ದಡಕ್ಕೆ ಬಂದ ಮೇಲೆ ಅರ್ಥಗಳು ಕವಲೊಡೆದವು. ಅಮೆರಿಕದ ಬಫಲೋ ನಗರದಲ್ಲಿ 1950ರ ದಶಕದಲ್ಲಿ ದುಡಿಯುವ ವರ್ಗದ ಸಲಿಂಗಪ್ರೇಮಿ ಮಹಿಳೆಯರು ಮಣಿಕಟ್ಟಿನ ಮೇಲೆ ನೀಲಿ ನಕ್ಷತ್ರ ಹಾಕಿಸಿಕೊಳ್ಳುತ್ತಿದ್ದರು. ಹಗಲು ಕೆಲಸದಲ್ಲಿ ಅದು ವಾಚಿನ ಪಟ್ಟಿಯ ಅಡಿಗೆ ಸರಿಯುತ್ತಿತ್ತು. ಎಲಿಜಬೆತ್ ಕೆನಡಿ ಮತ್ತು ಮ್ಯಾಡಲಿನ್ ಡೇವಿಸ್ ಅವರ 1993ರ ಅಧ್ಯಯನದಲ್ಲಿ ಇದು ದಾಖಲಾಗಿದೆ. ಸೋವಿಯತ್ ಜೈಲುಗಳಲ್ಲಿ ದಿಕ್ಸೂಚಿಯನ್ನು ಹೋಲುವ ಎಂಟು ಮೊನೆಯ ನಕ್ಷತ್ರ ಹೆಗಲ ಮೇಲಿದ್ದರೆ ಕೈದಿಗಳ ನಡುವೆ ಅಧಿಕಾರದ ಗುರುತು, ಮೊಣಕಾಲಿನ ಮೇಲಿದ್ದರೆ ಯಾರ ಮುಂದೆಯೂ ಮಂಡಿಯೂರೆನು ಎಂಬ ಪಣ. ಮುಂದೆ ಪಂಕ್ ಸಂಗೀತದ ಹುಡುಗರು ನಾವಿಕ ನಕ್ಷತ್ರವನ್ನು ಎತ್ತಿಕೊಂಡರು. ಅಲ್ಲಿಂದ ಅದು ಜಗತ್ತಿನ ಎಲ್ಲ ಹಚ್ಚೆ ಅಂಗಡಿಗಳ ಮಾದರಿ ಪುಸ್ತಕ ಸೇರಿತು. ಹೇರೋಹಳ್ಳಿಯ ಕಡೆಗೆ ಬಂದಿರುವುದೂ ಆ ದಾರಿಯಿಂದಲೇ.

ಧ್ರುವ, ಅರುಂಧತಿ, ಮಳೆ

ಕನ್ನಡಿಗರ ಬದುಕಿನಲ್ಲಿ ನಕ್ಷತ್ರಗಳಿಗೆ ಕೊರತೆಯಿಲ್ಲ. ರೈತನಿಗೆ ನಕ್ಷತ್ರ ಎಂದರೆ ಮೊದಲು ಮಳೆ. ರೋಹಿಣಿ, ಮೃಗಶಿರಾ, ಆರಿದ್ರಾ, ಪುಷ್ಯ, ಮಖೆ ಎಂದು ಹೆಸರು ಹಿಡಿದೇ ಬಿತ್ತನೆಯ ಮಾತು. ಮಗು ಹುಟ್ಟಿದರೆ ಜನ್ಮನಕ್ಷತ್ರ. ಮದುವೆಯಲ್ಲಿ ಪುರೋಹಿತರು ವಧೂವರರನ್ನು ಅಂಗಳಕ್ಕೆ ಕರೆತಂದು ಧ್ರುವನನ್ನೂ ಅರುಂಧತಿಯನ್ನೂ ತೋರಿಸುತ್ತಾರೆ. ಮಲತಾಯಿ ಸುರುಚಿ ತಂದೆಯ ತೊಡೆಯಿಂದ ಇಳಿಸಿದಾಗ ಕಾಡಿಗೆ ಹೋಗಿ ತಪಸ್ಸು ಮಾಡಿ, ಯಾರೂ ಕದಲಿಸಲಾಗದ ಪದವಿ ಪಡೆದ ಬಾಲಕ ಧ್ರುವನ ಕಥೆ ಭಾಗವತದಿಂದ ಹರಿಕಥೆಗೂ ಶಾಲೆಯ ಪಾಠಕ್ಕೂ ಇಳಿದು ಬಂದಿದೆ. ನಾವಿಕರ ನಕ್ಷತ್ರ ದಾರಿ ತೋರಿಸುತ್ತದೆ, ನಮ್ಮ ಧ್ರುವ ಜಾಗ ಬಿಡದೆ ನಿಲ್ಲುತ್ತಾನೆ. ಎರಡೂ ಒಂದೇ ಗುಣದ ಎರಡು ಉಪಯೋಗಗಳು. ಆದರೂ ಹಳೆ ಮೈಸೂರಿನ ಹೆಂಗಸರ ತೋಳುಗಳ ಮೇಲೆ ಧ್ರುವ ಹೆಚ್ಚು ಕಾಣುವುದಿಲ್ಲ. ಅಲ್ಲಿರುವ ಚಿತ್ರಗಳ ಲೋಕವೇ ಬೇರೆ. ನಾವಿಕ ನಕ್ಷತ್ರ ಈ ನೆಲದಲ್ಲಿ ಏನಾಗಿದೆ ಎಂದು ತಿಳಿಯಲು ಆ ಲೋಕವನ್ನೇ ವಿವರವಾಗಿ ನೋಡಬೇಕು.

ಕೊರವಂಜಿಯ ಸೂಜಿ

ಕರ್ನಾಟಕದಲ್ಲಿ ಹಚ್ಚೆ ಹೊಯ್ಯುವುದು ಮುಖ್ಯವಾಗಿ ಕೊರಮ, ಕೊರಚ ಸಮುದಾಯಗಳ ಹೆಂಗಸರ ವಿದ್ಯೆಯಾಗಿತ್ತು. ಬುಟ್ಟಿ, ಮೊರ ಹೆಣೆದು ಮಾರುತ್ತ, ಕಣಿ ಹೇಳುತ್ತ, ಊರಿಂದೂರಿಗೆ ಹೋಗುತ್ತಿದ್ದ ಕೊರವಂಜಿ ಸುಗ್ಗಿ ಮುಗಿದು ಕೈಬಿಡುವಾದ ದಿನಗಳಲ್ಲಿ, ಜಾತ್ರೆಗಳಲ್ಲಿ, ಹಟ್ಟಿಯ ಜಗುಲಿಗಳ ಮೇಲೆ ಕೂತು ಹಚ್ಚೆ ಹೊಯ್ಯುತ್ತಿದ್ದಳು. ಕೂಲಿಯಾಗಿ ರಾಗಿ, ಭತ್ತ, ಹಳೆಯ ಸೀರೆ, ಎಲೆಯಡಿಕೆ. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲೋ ಎದೆಹಾಲಿನಲ್ಲೋ ಕಲಸಿದ ಬಣ್ಣ, ಒಟ್ಟಿಗೆ ಕಟ್ಟಿದ ಕೆಲವು ಸೂಜಿಗಳು, ಕೊನೆಗೆ ಹಚ್ಚಲು ಅರಿಶಿನ. ಮಸಿ ಕಪ್ಪು, ಆದರೆ ಚರ್ಮದಡಿ ಇಳಿದ ಮೇಲೆ ಹಸಿರು ನೀಲಿಯಾಗಿ ಕಾಣುತ್ತದೆ. ಮೇಲಿನ ಪದರದ ಮೂಲಕ ಬೆಳಕು ಚದುರಿ ಬರುವುದೇ ಕಾರಣ. ಹುಡುಗಿ ನೋವಿಗೆ ಅಳದಂತೆ ಕೊರವಂಜಿ ಹಾಡುತ್ತಿದ್ದಳು. ಹಚ್ಚೆಯ ಹಾಡುಗಳು ಕನ್ನಡ ಜನಪದದಲ್ಲಿ ಒಂದು ಪ್ರಕಾರವೇ ಆಗಿ ಬೆಳೆದಿವೆ.

ಚಿತ್ರಗಳು ರಂಗೋಲಿಯ ಬಳಗಕ್ಕೆ ಸೇರಿದವು: ಚುಕ್ಕಿ ಇಟ್ಟು ಗೆರೆ ಸೇರಿಸಿದ ತುಳಸಿಕಟ್ಟೆ, ತೊಟ್ಟಿಲು, ತೇರು, ಬಾಸಿಂಗ, ಹೂಬಳ್ಳಿ, ಗಿಳಿ, ನವಿಲು, ಚೇಳು. ತವರಿನವರ ಹೆಸರು, ಗಂಡನ ಹೆಸರು. ಗಲ್ಲದ ಮೇಲೆ ಚುಕ್ಕಿ, ಹಣೆಯ ಮೇಲೆ ಅಳಿಸದ ಬೊಟ್ಟು. ತೊಟ್ಟಿಲು ಸಂತಾನದ ಹಾರೈಕೆ, ತುಳಸಿ ಮನೆಯ ಒಳಿತು, ಚೇಳು ವಿಷದಿಂದ ಕಾವಲು. ಇವೆಲ್ಲಕ್ಕಿಂತ ಆಳವಾದ ನಂಬಿಕೆ ಇನ್ನೊಂದಿದೆ. ಸತ್ತ ಹೆಣ್ಣಿನ ಮೈಯಿಂದ ತಾಳಿ, ಬಳೆ, ಮೂಗುತಿ, ಓಲೆ ಎಲ್ಲವನ್ನೂ ಬಿಚ್ಚುತ್ತಾರೆ, ಹಚ್ಚೆಯನ್ನು ಯಾರೂ ಬಿಚ್ಚಲಾರರು, ಅದೊಂದೇ ಅವಳ ಜೊತೆ ಹೋಗುತ್ತದೆ ಎನ್ನುತ್ತಿದ್ದರು. ಬಡತನದಲ್ಲಿ ಒಡವೆ ಕಾಣದವಳಿಗೂ, ಇದ್ದ ಒಡವೆಯನ್ನು ಗಿರವಿಗೆ ಕಳೆದುಕೊಂಡವಳಿಗೂ ಇದು ತನ್ನದೇ ಆದ ಆಸ್ತಿ. ನಾವಿಕನ ನಕ್ಷತ್ರ ಮರಳಿ ಬರುವ ಪಯಣಕ್ಕೆ, ಈ ಹೆಂಗಸರ ಹಚ್ಚೆ ಮರಳದ ಪಯಣಕ್ಕೆ. ಆದರೆ ದಾರಿಗೆ ಜೊತೆಯಾಗುವ ಗುರುತು ಎಂಬ ಅರ್ಥ ಎರಡರಲ್ಲೂ ಒಂದೇ. ನಮ್ಮ ಹೆಂಗಸರ ಹಚ್ಚೆಯನ್ನು ಬರೀ ಅಲಂಕಾರವೆಂದು ಬದಿಗಿಟ್ಟು, ನಾವಿಕರದ್ದಕ್ಕೆ ಮಾತ್ರ ಸಂಕೇತವೆಂಬ ಗೌರವ ಕೊಡುವ ಬರಹಗಳು ತಪ್ಪು ತಕ್ಕಡಿ ಹಿಡಿದಿವೆ.

ಸಾಹಿತ್ಯ ಕೊರವಂಜಿಯನ್ನು ಪ್ರೀತಿಯಿಂದ ಕಂಡಿತು. ಶ್ರೀನಿವಾಸ ಕಲ್ಯಾಣದಲ್ಲಿ ದೇವರೇ ಕಣಿ ಹೇಳುವ ಹೆಣ್ಣಿನ ವೇಷ ತೊಟ್ಟು ಪದ್ಮಾವತಿಯ ಅರಮನೆಗೆ ಬರುತ್ತಾನೆ. ಹೆಳವನಕಟ್ಟೆ ಗಿರಿಯಮ್ಮ 'ಬ್ರಹ್ಮಕೊರವಂಜಿ' ಬರೆದಳು, ಯಕ್ಷಗಾನ ಬಯಲಾಟಗಳಲ್ಲಿ ಕೊರವಂಜಿಯ ಪಾತ್ರ ಜನಪ್ರಿಯವಾಯಿತು. ಸರ್ಕಾರ ಕಂಡ ಬಗೆ ಬೇರೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿದಾಗ ಕೊರಮ, ಕೊರಚರ ಬಳಗದ ಕೊರವ ಗುಂಪುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದರು. ಮುಂಬಯಿ ಪ್ರಾಂತ್ಯದ ಹುಬ್ಬಳ್ಳಿಯಲ್ಲಿ ಇಂಥ ಸಮುದಾಯಗಳನ್ನು ಕೂಡಿಹಾಕಲು ವಸಾಹತು ಕಟ್ಟಿದರು, ಆ ಬಡಾವಣೆಗೆ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ಕಾಯ್ದೆ ರದ್ದಾದದ್ದು 1952ರಲ್ಲಿ. ಊರೂರಿನ ಹೆಣ್ಣುಮಕ್ಕಳ ಮೈಮೇಲೆ ಮಂಗಳದ ಗುರುತು ಇಟ್ಟವರ ಮೇಲೆಯೇ ಸರ್ಕಾರ ಕಳಂಕದ ಗುರುತು ಇಟ್ಟಿತು. ಇದೇ ವಸಾಹತು ಆಡಳಿತ ಬಂಗಾಳದಲ್ಲಿ 1797ರ ಕಾನೂನಿನಿಂದ ಜೀವಾವಧಿ ಕೈದಿಗಳ ಹಣೆಗೆ ಬಲವಂತದ ಹಚ್ಚೆ ಹಾಕಿಸುತ್ತಿತ್ತು, ಆ ಪದ್ಧತಿ 1849ರಲ್ಲಿ ನಿಂತಿತು. ಹಚ್ಚೆಯ ಸಂಕೇತವನ್ನು ಓದುವಾಗ ಚಿತ್ರ ಯಾವುದು ಎಂಬುದಕ್ಕಿಂತ ಮೊದಲು ಕೇಳಬೇಕಾದ್ದು, ಅದನ್ನು ಹಾಕಿಸಿಕೊಂಡವರ ಇಚ್ಛೆ ಅದರಲ್ಲಿತ್ತೇ ಎಂದು.

ನೀಲಗಿರಿಯ ನಕ್ಷತ್ರ

ದಕ್ಷಿಣದ ಹಳೆಯ ಹಚ್ಚೆಗಳಲ್ಲಿ ನಕ್ಷತ್ರ ದಾಖಲಾಗಿರುವ ಒಂದು ನಿದರ್ಶನ ನೀಲಗಿರಿಯ ಬಡಗರಲ್ಲಿದೆ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಈ ಜನ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಹೋದವರೆಂಬುದು ಅವರದೇ ಐತಿಹ್ಯ. ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಬಡಗ ಹೆಂಗಸರ ಹಣೆಯ ಹಚ್ಚೆಯನ್ನು ವಿವರಿಸಿ, ಅದರ ಜೊತೆಗೆ ಕಂಡ ಚಿತ್ರಗಳನ್ನೂ ಪಟ್ಟಿ ಮಾಡಿದ್ದಾನೆ. ಬಲ ಮುಂಗೈ ಮೇಲೆ ಕಿರಣಗಳುಳ್ಳ ನಕ್ಷತ್ರ, ಕೆಲವರಲ್ಲಿ ನಕ್ಷತ್ರದ ಜೊತೆ ಅರ್ಧಚಂದ್ರ, ತೋಳಿನ ಮೇಲೆ ಚುಕ್ಕಿಗಳ ಸಾಲು, ಗಲ್ಲದ ಮೇಲೊಂದು ಚುಕ್ಕಿ. ಹಚ್ಚೆ ಹಾಕುವವಳು ಬಡಗ ಹೆಂಗಸೇ, ಸೂಜಿಯ ಬದಲು ಕವಳಿ ಜಾತಿಯ ಗಿಡದ ಮುಳ್ಳು. ಕೆಲವೆಡೆ ಅದು ನಕ್ಷತ್ರವೋ ಸೂರ್ಯನೋ ಎಂದು ಅವನೇ ಎರಡನ್ನೂ ಬರೆದಿಟ್ಟಿದ್ದಾನೆ.

ಅದೇ ವರ್ಷಗಳಲ್ಲಿ ನ್ಯೂಯಾರ್ಕಿನ ಬಂದರಿನ ನಾವಿಕನೊಬ್ಬ ವಿದ್ಯುತ್ ಯಂತ್ರದ ಅಡಿ ತನ್ನ ಮುಂಗೈ ಚಾಚುತ್ತಿದ್ದಾಗ, ಕೋತಗಿರಿಯ ಸುತ್ತಿನ ಹಟ್ಟಿಗಳಲ್ಲಿ ಮುಳ್ಳಿನ ಮೊನೆಗೆ ಮುಂಗೈ ಚಾಚಿದವರಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನಕ್ಷತ್ರದ ಹಚ್ಚೆಯನ್ನು ಹೊರಗಿನಿಂದ ಬಂದ ಫ್ಯಾಷನ್ ಎಂದಷ್ಟೇ ತಳ್ಳಿಹಾಕಲು ಈ ಒಂದು ದಾಖಲೆ ಬಿಡುವುದಿಲ್ಲ.

ಪಶ್ಚಿಮ ಬೆಂಗಳೂರಿನಲ್ಲಿ

ಹೇರೋಹಳ್ಳಿ, ಸುಂಕದಕಟ್ಟೆ, ಅಂದ್ರಹಳ್ಳಿ, ಕೊಟ್ಟಿಗೆಪಾಳ್ಯದ ಸುತ್ತ ನೆಲೆಸಿದವರಲ್ಲಿ ಹಲವರು ಪೀಣ್ಯದ ಕಾರ್ಖಾನೆಗಳನ್ನೂ ಗಾರ್ಮೆಂಟ್ಸ್‌ಗಳನ್ನೂ ನಂಬಿ ಮಂಡ್ಯ, ಹಾಸನ, ತುಮಕೂರು, ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದವರು. ಆದ್ದರಿಂದ ಇಲ್ಲಿ ಒಂದೇ ಮನೆಯಲ್ಲಿ ಎರಡು ಹಚ್ಚೆಗಳು ಸಿಗುವುದು ಸಹಜ, ಅಜ್ಜಿಯ ತೋಳಿನ ಮಾಸಿದ ಹಸಿರು ಮತ್ತು ಮೊಮ್ಮಗನ ಮುಂಗೈಯ ಹೊಳೆಯುವ ಕಪ್ಪು. ಈಗಿನ ಅಂಗಡಿಗಳಲ್ಲಿ ಬೇಡಿಕೆಯ ವಿನ್ಯಾಸಗಳು ಅಮ್ಮ ಅಪ್ಪ ಎಂಬ ಅಕ್ಷರಗಳು, ಮಗುವಿನ ಹೆಸರು, ತ್ರಿಶೂಲ, ಓಂಕಾರ, ಕರ್ನಾಟಕದ ನಕ್ಷೆ, ರೆಕ್ಕೆ, ದಿಕ್ಸೂಚಿ, ನಕ್ಷತ್ರ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಾಡಿನಾದ್ಯಂತ ಅಭಿಮಾನಿಗಳು ಅವರ ಮುಖವನ್ನೂ ಅಪ್ಪು ಎಂಬ ಹೆಸರನ್ನೂ ಹಚ್ಚೆ ಹಾಕಿಸಿಕೊಂಡರು. ಅವರ ಸಮಾಧಿಯಿರುವ ಕಂಠೀರವ ಸ್ಟುಡಿಯೋ ಹೇರೋಹಳ್ಳಿಗೆ ದೂರವಲ್ಲ. ಪವರ್ ಸ್ಟಾರ್ ಎಂದು ಕರೆಸಿಕೊಂಡ ನಟನನ್ನು ಕಳೆದುಕೊಂಡ ಊರಿನಲ್ಲಿ ಮುಂಗೈಯ ನಕ್ಷತ್ರ ಕಡಲಿನ ಯಾವ ಪುಸ್ತಕದಲ್ಲೂ ಇಲ್ಲದ ಅರ್ಥವನ್ನು ಹೊರಬಲ್ಲದು, ಅದು ಅವರ ನೆನಪೂ ಆಗಬಲ್ಲದು.

ಊರು ಬಿಟ್ಟು ನಗರದ ಅಂಚಿಗೆ ಬಂದವರ ಪಾಲಿಗೆ ಮನೆಗೆ ಮರಳುವ ದಾರಿಯ ಸಂಕೇತ ಬರೀ ಅಲಂಕಾರವಲ್ಲ. ಹಬ್ಬದ ಹಿಂದಿನ ರಾತ್ರಿ ಊರಿನ ಬಸ್ಸಿಗೆ ಕಾಯುವವರಿಗೆ ಆ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಚರ್ಮ, ಶಾಯಿ, ನಿಯಮ

ಸೂಜಿ ಶಾಯಿಯನ್ನು ಚರ್ಮದ ಎರಡನೆಯ ಪದರಕ್ಕೆ, ಒಂದೆರಡು ಮಿಲಿಮೀಟರ್ ಆಳಕ್ಕೆ ಇಳಿಸುತ್ತದೆ. ಅಲ್ಲಿನ ರಕ್ಷಕ ಜೀವಕೋಶಗಳು ಬಣ್ಣವನ್ನು ನುಂಗಿ ಹಿಡಿದಿಡುತ್ತವೆ. ಒಂದು ಜೀವಕೋಶ ಸತ್ತರೆ ಬಿಟ್ಟ ಬಣ್ಣವನ್ನು ಇನ್ನೊಂದು ಎತ್ತಿಕೊಳ್ಳುತ್ತದೆ ಎಂದು ಫ್ರೆಂಚ್ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಹಚ್ಚೆ ಬಾಳುವುದು ಈ ಕೈಬದಲಿನಿಂದ. ವರ್ಷಗಳು ಕಳೆದಂತೆ ಗೆರೆ ಹರಡುವುದರಿಂದ ಚಿಕ್ಕದಾಗಿ ಹಾಕಿಸಿದ ನಾವಿಕ ನಕ್ಷತ್ರದ ಮೊನೆಗಳು ಮೊಂಡಾಗುತ್ತವೆ. ಲೇಸರಿನಿಂದ ಅಳಿಸುವಾಗ ಕಪ್ಪು ಸುಲಭವಾಗಿ ಒಡೆಯುತ್ತದೆ, ಹಸಿರು ಮತ್ತು ಹಳದಿ ಹಟ ಹಿಡಿಯುತ್ತವೆ.

ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡಬಹುದು. ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯಬೇಕೆಂದು ಕೇಳುವುದು ಹಾಕಿಸಿಕೊಳ್ಳುವವರ ಹಕ್ಕು. ಭಾರತದ ನಿಯಮದಂತೆ ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ವಾಯುಪಡೆಯ ನೇಮಕಾತಿಯಲ್ಲಿ ಶಾಶ್ವತ ಹಚ್ಚೆಗೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗದಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಅವಕಾಶ, ಬುಡಕಟ್ಟುಗಳ ಸಾಂಪ್ರದಾಯಿಕ ಹಚ್ಚೆಗೆ ವಿನಾಯಿತಿಯುಂಟು. ಎದೆ ಅಥವಾ ಕತ್ತಿನ ಮೇಲೆ ನಕ್ಷತ್ರ ಬಯಸುವ ಹುಡುಗರು ಸೇನೆಯ ಕನಸಿದ್ದರೆ ಮೊದಲೇ ನಿಯಮ ಓದಿಕೊಳ್ಳಬೇಕು. ಹಚ್ಚೆಯ ಶಾಯಿಗಳ ಪರೀಕ್ಷೆಯಲ್ಲಿ 22 ಲೋಹಗಳು ಕಂಡುಬಂದಿವೆ, ನಿಯಂತ್ರಣಕ್ಕಾಗಿ ಕೇಂದ್ರಕ್ಕೆ ಬರೆಯುತ್ತೇವೆ ಎಂದು ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲಿ ಹೇಳಿದರು.

ದಾಖಲೆ

ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಬೀಸುಕಲ್ಲು, ಬುಟ್ಟಿ, ಗೊಂಬೆ, ವಾದ್ಯಗಳನ್ನು ಸಂಗ್ರಹಿಸಿ ಇಡಬಹುದಾಯಿತು. ಹಚ್ಚೆಯನ್ನು ಹಾಗೆ ತಂದಿಡಲಾಗದು, ಧರಿಸಿದವಳ ಜೊತೆ ಅದು ಚಿತೆಗೋ ಮಣ್ಣಿಗೋ ಹೋಗುತ್ತದೆ. ಬಡಗ ಹೆಂಗಸರ ಮುಂಗೈಯ ನಕ್ಷತ್ರ ಇಂದು ನಮಗೆ ತಿಳಿದಿರುವುದು ಯಾರೋ ಅದನ್ನು ನೋಡಿ ಬರೆದುಕೊಂಡದ್ದರಿಂದ. ಹಳೆ ಮೈಸೂರಿನ ಹಚ್ಚೆಗಳನ್ನು ಹೊತ್ತ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಹೇರೋಹಳ್ಳಿಯ ಯಾವ ಮನೆಯಲ್ಲೂ ಈ ದಾಖಲೆ ಮಾಡಬಹುದು. ಹಿರಿಯರ ಒಪ್ಪಿಗೆ ಪಡೆದು, ಹಗಲ ಬೆಳಕಿನಲ್ಲಿ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಹಚ್ಚೆಯ ಚಿತ್ರ ತೆಗೆಯಬೇಕು. ಅದನ್ನು ಯಾವ ಊರಿನಲ್ಲಿ, ಯಾವ ವಯಸ್ಸಿನಲ್ಲಿ ಹೊಯ್ಯಿಸಿಕೊಂಡದ್ದು, ಹೊಯ್ದವಳು ಎಲ್ಲಿಂದ ಬಂದವಳು, ಚಿತ್ರವನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಹೊಯ್ಯುವಾಗ ಹಾಡಿದ ಹಾಡು ನೆನಪಿದೆಯೇ ಎಂದು ಕೇಳಿ, ಅವರದೇ ಮಾತಿನಲ್ಲಿ ಧ್ವನಿ ಮುದ್ರಿಸಿಕೊಳ್ಳಬೇಕು. ಮೊಮ್ಮಕ್ಕಳ ಮುಂಗೈಯ ನಕ್ಷತ್ರಗಳ ಬಗ್ಗೆಯೂ ಇದೇ ಪ್ರಶ್ನೆಗಳನ್ನು ಕೇಳಿ ಅದೇ ಪುಸ್ತಕದಲ್ಲಿ ಬರೆದಿಡಬೇಕು.